ಬಿಂಕದಕಟ್ಟಿಗೊಂದು ಲೈಗರ್ ಯಾಕ ಬ್ಯಾಡ?

ಪಶುವೈದ್ಯರನ್ನು ಕೇಳಿ

ಪ್ರಶ್ನೆ: ಮಗಳು, ಅಳಿಯ ಅಮೆರಿಕಾದಾಗ ಇರ್ತಾರ. ಹೋದ ಸಲ ಅವರ ಕಡೆ ಹೋದಾಗ ಒಂದು ಪ್ರಾಣಿಧಾಮ ತೋರಿಸಿದ್ರು. ಹುಲಿ, ಚಿರತಿ ಜೋಡಿ ಲೈಗರ್ ಅನ್ನೋ ದೈತ್ಯ ಪ್ರಾಣಿ ಇತ್ತು. ಅಪ್ಪ ಸಿಂಹ, ಅವ್ವ ಹುಲಿ ಅಂತ. ಅಂಥಾದ್ದೊಂದು ನಮ್ಮ ಬಿಂಕದಕಟ್ಟಿ ಝೂದಾಗ ಮಾಡಿದ್ರ ಹುಬ್ಬಳ್ಳಿ, ಕೊಪ್ಪಳದಿಂದ ಮಂದಿ ಮುಗಿಬಿದ್ದು ಬರ್ತಿದ್ರು. ಯಾಕ ಮಾಡೂದಿಲ್ಲ?
ಕಿರಾಣಿ ವ್ಯಾಪಾರಸ್ಥರು, ಗದಗ-ಬೆಟಗೇರಿ

ಉತ್ತರ: ಮಂದಿ ಬರ್ತಾರ್ರಿ, ಅದರಾಗ ಸಂಶಯ ಇಲ್ಲ. ಎರಡು ತಲೆಯ ಕರು ಹುಟ್ಟಿತೆಂದರೆ ಟ್ರ್ಯಾಕ್ಟರ್ ತುಂಬಿಕೊಂಡು ನೋಡಲು ಹೋಗುವ ಜನ ನಾವು. ಆದರೆ ನೀವು ನೋಡಿದ ಲೈಗರನ್ನು ಆ ಪ್ರಾಣಿಧಾಮದವರು ಮಾಡಿಸಿದ್ದಲ್ಲ. ಬೇರೆ ಯಾರೋ ದುಡ್ಡಿನಾಸೆಗೆ ಮಾಡಿಸಿ, ಸಾಕಲಾಗದೆ ಕೈಬಿಟ್ಟದ್ದನ್ನು ಇವರು ತಂದು ಸಲಹುತ್ತಿರುತ್ತಾರೆ. ಆರ್ಕನ್ಸಾ ರಾಜ್ಯದಲ್ಲಿ 1992ರಿಂದ ಇರುವ ಟರ್ಪೆಂಟೈನ್ ಕ್ರೀಕ್ ಅಂಥದ್ದೊಂದು. ಒಳ್ಳೆಯ ಪ್ರಾಣಿಧಾಮ ಮರಿ ಮಾಡಿಸುವುದಿಲ್ಲ, ಮಾರುವುದಿಲ್ಲ, ಮುಟ್ಟಿ ಫೋಟೋ ತೆಗೆಸಿಕೊಳ್ಳಲು ಬಿಡುವುದಿಲ್ಲ. ಅಲ್ಲಿ ಮನೆಯ ಹಿತ್ತಲಲ್ಲಿ ಹುಲಿ ಸಾಕುವ ಖಯಾಲಿ ಎಷ್ಟು ಬೆಳೆದಿತ್ತೆಂದರೆ 2022ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯನ್ನೇ ತರಬೇಕಾಯಿತು. ಹುಲಿ, ಸಿಂಹ, ಚಿರತೆಗಳ ಜೊತೆ ಅವುಗಳ ಬೆರಕೆ ಮರಿಗಳೂ ಆ ಕಾಯ್ದೆಯಲ್ಲಿ ಸೇರಿವೆ.

ಲೈಗರ್ ಅಷ್ಟು ದೊಡ್ಡದಾಗುವುದೇಕೆ? ಸಿಂಹಗಳದು ಗುಂಪಿನ ಬಾಳ್ವೆ. ಒಂದು ಸಿಂಹಿಣಿಯ ಹಿಂದೆ ಹಲವು ಗಂಡುಗಳು. ತನ್ನ ಮರಿಯೇ ಬೇಗ ದೊಡ್ಡದಾಗಲಿ ಎಂದು ತಂದೆಯ ವಂಶವಾಹಿಗಳು ಬೆಳವಣಿಗೆಗೆ ಒತ್ತು ಕೊಟ್ಟರೆ, ತಾಯಿ ಸಿಂಹಿಣಿಯವು ಅದನ್ನು ಹಿಡಿದು ನಿಲ್ಲಿಸುತ್ತವೆ. ಹೆಣ್ಣು ಹುಲಿಗೆ ಆ ಹಿಡಿತ ಇಲ್ಲ. ಇಳಿಜಾರಿನಲ್ಲಿ ಬಿಟ್ಟ ಚಕ್ಕಡಿಯ ಹಾಗೆ ಬೆಳವಣಿಗೆ ಓಡುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ವಿವರಣೆ. ಹರ್ಕ್ಯುಲಿಸ್ ಎಂಬ ಲೈಗರಿನ ತೂಕ 418 ಕೆಜಿ, ಗಿನ್ನೆಸ್ ದಾಖಲೆಯಲ್ಲಿದೆ. ಇದನ್ನೇ ತಿರುಗುಮುರುಗು ಮಾಡಿ, ಹುಲಿ ತಂದೆ, ಸಿಂಹಿಣಿ ತಾಯಿ ಆದರೆ ಟೈಗಾನ್. ಅದು ಸಾಮಾನ್ಯವಾಗಿ ಹೆತ್ತವರನ್ನು ಮೀರಿ ಬೆಳೆಯುವುದಿಲ್ಲ.

ನಮ್ಮ ದೇಶದಲ್ಲೂ ಈ ಆಟ ಆಗಿದೆ, ಮರೆತಿದ್ದೇವೆ ಅಷ್ಟೇ. ಕೋಲ್ಕತ್ತದ ಆಲಿಪುರ ಮೃಗಾಲಯದಲ್ಲಿ 1971ರಲ್ಲಿ ರುದ್ರಾಣಿ ಎಂಬ ಟೈಗಾನ್ ಹುಟ್ಟಿತು. ಅದನ್ನು ಸಿಂಹದೊಂದಿಗೆ ಕೂಡಿಸಿ ಏಳು ಲಿಟಿಗಾನ್ ಮರಿ ಪಡೆದರು. ಅವುಗಳಲ್ಲಿ ಕ್ಯೂಬಾನಾಕನ್ ಎಂಬುದು 363 ಕೆಜಿ ತೂಗುತ್ತಿತ್ತು, 1991ರಲ್ಲಿ ತೀರಿಕೊಂಡಿತು. ಅಷ್ಟರಲ್ಲಿ, 1985ರಲ್ಲೇ, ಸರ್ಕಾರ ಇಂಥ ಬೆರಕೆಗೆ ತಡೆ ಹಾಕಿತ್ತು. ಇನ್ನೂ ಹಿಂದಿನ ಕಥೆ ಬೇಕೆಂದರೆ ದೂರ ಹೋಗಬೇಕಿಲ್ಲ, ನಮ್ಮ ಮಗ್ಗುಲಿನ ಕೊಲ್ಲಾಪುರದಲ್ಲೇ 1910ರಲ್ಲಿ ಗಂಡು ಚಿರತೆ ಮತ್ತು ಸಿಂಹಿಣಿಗೆ ಎರಡು ಮರಿಗಳಾದವು. ಒಂದು ಎರಡೂವರೆ ತಿಂಗಳಿಗೆ ಸತ್ತಿತು. ಅದರ ಚರ್ಮ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಅವರ ಕೈಸೇರಿ, ಲೆಪಾನ್ ಎಂಬ ಪ್ರಾಣಿ ಲೋಕಕ್ಕೆ ತಿಳಿದದ್ದೇ ಹಾಗೆ.

ಹುಲಿ-ಸಿಂಹದ ಮಾತು ಬಿಡ್ರಿ, ಸಿಂಹ-ಸಿಂಹದ ಬೆರಕೆಯೇ ನಮಗೆ ಸಾಕುಸಾಕಾಗಿದೆ. ಪಂಜಾಬಿನ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್‌ನ ಆಫ್ರಿಕನ್ ಸಿಂಹಗಳು ನಮ್ಮ ಏಷ್ಯಾದ ಸಿಂಹಗಳೊಂದಿಗೆ ಬೆರೆತು ಸಂತತಿ ಬೆಳೆಯಿತು. ಆಮೇಲೆ ಅವು ರೋಗಕ್ಕೆ ಸುಲಭ ತುತ್ತಾಗತೊಡಗಿದವು. ಕೊನೆಗೆ ಗಂಡುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಬೇರೆ ಬೇರೆ ಇಟ್ಟು, ವಯಸ್ಸಾಗಿ ಸಾಯುವ ತನಕ ನೋಡಿಕೊಳ್ಳಬೇಕಾಯಿತು. ಗೀರ್ ಕಾಡಿಗೆ ಬಿಡುವ ಹಾಗಿಲ್ಲ, ತಳಿ ಬೆಳೆಸುವ ಹಾಗಿಲ್ಲ. ಹಾಕುವ ಮಾಂಸಕ್ಕೆ ಮಾತ್ರ ರಜೆ ಇಲ್ಲ. ಬಿಂಕದಕಟ್ಟಿಯಂಥ ಸಣ್ಣ ಮೃಗಾಲಯದ ಪಂಜರ ಎಷ್ಟಿವೆ ಎಂದು ನೀವೇ ನೋಡಿದ್ದೀರಿ. ಮಂದಿ ಮೊದಲನೇ ವರ್ಷ ಬರ್ತಾರ, ಮರಿ ಇಪ್ಪತ್ತು ವರ್ಷ ಇರ್ತದ. ಕಿರಾಣಿ ಅಂಗಡಿ ನಡೆಸುವವರಿಗೆ ಈ ಲೆಕ್ಕ ನಾನು ಹೇಳಬೇಕೇನ್ರಿ?

ಪ್ರಶ್ನೆ: ಗಂಡು ಲೈಗರ್‌ಗೆ ಮರಿ ಆಗುವುದಿಲ್ಲ ಎಂದು ಓದಿದೆ. ಹೇಸರಗತ್ತೆಯ ಕಾರಣವೇ ಇದಕ್ಕೂ ಇದೆಯೇ ಸರ್?
ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪೂರ್ತಿ ಅದೇ ಅಲ್ಲವ್ವಾ. ಕುದುರೆಗೆ 64 ವರ್ಣತಂತುಗಳು, ಕತ್ತೆಗೆ 62. ಹೇಸರಗತ್ತೆಗೆ 63 ಬಂದು ಜೋಡಿ ತಪ್ಪುತ್ತದೆ. ಹುಲಿ, ಸಿಂಹ ಎರಡಕ್ಕೂ ಇರುವುದು 38, ಎಣಿಕೆಯ ತೊಡಕಿಲ್ಲ. ಆದರೂ ಗಂಡು ಬಂಜೆ, ಹೆಣ್ಣು ಕೆಲವೊಮ್ಮೆ ಫಲವತಿ. ಬೆರಕೆಯಲ್ಲಿ ಎಕ್ಸ್, ವೈ ಎಂಬ ಬೇರೆ ಬೇರೆ ಲಿಂಗ ವರ್ಣತಂತು ಇರುವ ಲಿಂಗವೇ, ಅಂದರೆ ಇಲ್ಲಿ ಗಂಡೇ, ಮೊದಲು ಸೋಲುತ್ತದೆ ಎಂದು ವಿಜ್ಞಾನಿ ಹಾಲ್ಡೇನ್ 1922ರಲ್ಲೇ ಹೇಳಿದ್ದರು. ನಿನ್ನ ಜೀವಶಾಸ್ತ್ರದ ಮೇಷ್ಟ್ರನ್ನು ಹಾಲ್ಡೇನ್ ನಿಯಮ ಎಂದು ಕೇಳು, ಅವರಿಗೆ ಖುಷಿಯಾಗುತ್ತದೆ.

ಪ್ರಶ್ನೆ: ಬಿಳಿ ಹುಲಿ ಯಾವ ಎರಡು ಪ್ರಾಣಿಗಳ ಬೆರಕೆ?
ಓದುಗರು, ಹಾವೇರಿ

ಉತ್ತರ: ಯಾವುದರದ್ದೂ ಅಲ್ಲ, ಹುಲಿಯೇ. 1951ರಲ್ಲಿ ರೀವಾದಲ್ಲಿ ಸಿಕ್ಕ ಮೋಹನ್ ಎಂಬ ಬಿಳಿ ಮರಿಯನ್ನು ಮುಂದೆ ಅದರ ಮಗಳೊಂದಿಗೇ ಕೂಡಿಸಿ ಸಂತತಿ ಬೆಳೆಸಿದರು. ಹಲವು ಬಿಳಿ ಹುಲಿಗಳಿಗೆ ಮಾಲುಗಣ್ಣು ಇರುವುದನ್ನು ಮುಂದಿನ ಸಲ ಗಮನಿಸಿ.

ಪ್ರಶ್ನೆ: ಚಿರತೆಯಂಥ ಚುಕ್ಕೆಯ ಬೆಂಗಾಲ್ ಬೆಕ್ಕು, ಸವಾನಾ ಬೆಕ್ಕು ತಂದುಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟ್. ಸಾಕಬಹುದೇ?
ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೆಂಗಾಲ್ ಎಂದರೆ ಚಿರತೆ ಬೆಕ್ಕು ಮತ್ತು ಮನೆ ಬೆಕ್ಕಿನ ಬೆರಕೆಯಿಂದ ಬಂದ ತಳಿ. ಆ ಚಿರತೆ ಬೆಕ್ಕು ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಸವಾನಾದ ಕಾಡು ಪಾಲು ಆಫ್ರಿಕಾದ ಸರ್ವಾಲ್ ಎಂಬ ಕಾಡು ಬೆಕ್ಕಿನದು. ಮೊದಲ ಮರಿ 1986ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಕಾಡಿನಿಂದ ನಾಲ್ಕೈದು ತಲೆಮಾರು ದಾಟಿದ ಬೆಂಗಾಲ್ ಹೆಚ್ಚು ಕಡಿಮೆ ಚುರುಕಾದ ಮನೆ ಬೆಕ್ಕೇ. ಮೊದಲ ತಲೆಮಾರಿನವು ಸೋಫಾ, ಹಾಸಿಗೆ, ಗೋಡೆ ಎನ್ನದೆ ಉಚ್ಚೆ ಸಿಂಪಡಿಸಿ ಗಡಿ ಗುರುತು ಮಾಡುತ್ತವೆ, ಫ್ರಿಜ್ಜಿನ ಮೇಲಿಂದ ಬೀರುವಿನ ಮೇಲೆ ಹಾರುತ್ತವೆ. ಅಮೆರಿಕದ ಪ್ರಾಣಿಧಾಮಗಳಿಗೆ ಹುಲಿಗಳ ಜೊತೆ ಈ ಬೆಕ್ಕುಗಳೂ ಬಂದು ಸೇರುವುದು ಇದೇ ಕಾರಣಕ್ಕೆ. ಮಾರುವವರಲ್ಲಿ ಎಷ್ಟನೇ ತಲೆಮಾರು, ಆಮದಿನ ಕಾಗದ ಎಲ್ಲಿ ಎಂದು ಕೇಳಿ. ಅರ್ಧದಷ್ಟು ಮಂದಿ ಆ ಪ್ರಶ್ನೆಗೇ ಫೋನ್ ಇಡುತ್ತಾರೆ. ಬೆಕ್ಕು ಬೇಕೇ ಬೇಕೆಂದರೆ ದುರ್ಗದಬೈಲಿನ ಸಂದಿಗಳಲ್ಲಿ ಬೇಕಾದಷ್ಟಿವೆ, ಒಂದನ್ನು ತಂದು ಲಸಿಕೆ ಹಾಕಿಸಿ.

ಪ್ರಶ್ನೆ: ಜ್ವಾಳದ ಹೊಲದಾಗ ಮೂರು ಮರಿ ಸಿಕ್ಕಾವ. ಮೈಮ್ಯಾಲೆ ಪಟ್ಟಿ ಐತಿ. ಕೆಲವರು ಚಿರತಿ ಮರಿ ಅಂತಾರ, ಕೆಲವರು ನಮ್ಮ ಮನಿ ಬೆಕ್ಕು ಕಾಡಬೆಕ್ಕಿನ ಕೂಡ ಕೂಡಿ ಹಾಕಿದ್ದು ಅಂತಾರ. ಏನ್ ಮಾಡೂಣ?
ರೈತರು, ಶಿರಹಟ್ಟಿ ತಾಲೂಕು

ಉತ್ತರ: ನಿಮ್ಮ ಪತ್ರ ಅಚ್ಚಾಗುವ ಹೊತ್ತಿಗೆ ತಡವಾಗುತ್ತದೆಂದು ಫೋನಿನಲ್ಲೇ ಹೇಳಿದ್ದೆ, ಉಳಿದವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ಕಪ್ಪತಗುಡ್ಡ ಹತ್ತಿರವಿರುವುದರಿಂದ ಚಿರತೆಯ ಭಯ ಸಹಜ. ಆದರೆ ಚಿರತೆ ಮರಿಗೆ ಮೈತುಂಬ ಒತ್ತಾದ ಚುಕ್ಕೆ, ದಪ್ಪ ಪಂಜ, ಉದ್ದ ಬಾಲ. ನೀವು ಫೋನಿನಲ್ಲಿ ಹೇಳಿದ ಪಟ್ಟಿ, ಉದ್ದ ಕಾಲು, ಗಿಡ್ಡ ಬಾಲ, ಕಿವಿ ತುದಿಯ ಕಪ್ಪು ಕೂದಲು ಕಾಡುಬೆಕ್ಕಿನ ಮರಿಯದ್ದು. ದೊಡ್ಡದಾದ ಮೇಲೆ ಪಟ್ಟಿ ಮಸುಕಾಗುತ್ತದೆ. ಕಬ್ಬು, ಜೋಳದ ಹೊಲದಲ್ಲಿ ಅದು ಮರಿ ಹಾಕುವುದು ಹೊಸದೇನಲ್ಲ.

ಮನೆ ಬೆಕ್ಕಿನೊಂದಿಗೆ ಬೆರಕೆ ಆಗಬಹುದು, ಎರಡೂ ಒಂದೇ ಕುಲದವು. ಚಿರತೆಯೊಂದಿಗೆ ಮಾತ್ರ ಆಗದು. ಬೆರಕೆ ಮಿತಿಮೀರಿದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಕಾಡುಬೆಕ್ಕು ಸಾಕ್ಷಿ. ಅಲ್ಲಿ ಶುದ್ಧ ತಳಿ ತಾನಾಗಿ ಉಳಿಯುವ ಸ್ಥಿತಿ ದಾಟಿದೆ ಎಂದು 2019ರ ತಜ್ಞರ ವರದಿ ಹೇಳಿತು. ನಮ್ಮ ಮನೆ ಬೆಕ್ಕಿನಿಂದ ಹರಡಬಲ್ಲ ರೋಗವೂ ಸಣ್ಣದಲ್ಲ. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿಗಳು ಸತ್ತದ್ದು ಬೆಕ್ಕುಗಳಿಗೂ ಬರುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್‌ನಿಂದ. ಮನೆ ಬೆಕ್ಕಿಗೆ ಎಂಟು ವಾರ ತುಂಬಿದ ಮೇಲೆ ಇದರ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ.

ಮರಿಗಳನ್ನು ಮನೆಗೆ ಒಯ್ಯಬೇಡಿ, ಆಕಳ ಹಾಲು ಕುಡಿಸಬೇಡಿ, ಭೇದಿಯಾಗಿ ಸಾಯುತ್ತವೆ. ವನ್ಯಜೀವಿ ಕಾಯ್ದೆ ಪ್ರಕಾರ ಸಾಕುವುದು ಅಪರಾಧ ಕೂಡ. ಸಿಕ್ಕ ಜಾಗದಲ್ಲೇ ಬಿಟ್ಟು, ಸುತ್ತ ನಾಲ್ಕು ಸಾಲು ಕೊಯ್ಯದೆ ಉಳಿಸಿ, ರಾತ್ರಿ ನಾಯಿ ಕಟ್ಟಿಹಾಕಿ ಎಲ್ಲರೂ ದೂರವಿರಿ. ತಾಯಿ ಬಂದು ಒಂದೊಂದೇ ಕಚ್ಚಿಕೊಂಡು ಒಯ್ಯುತ್ತದೆ. ಮರುದಿನ ಸಂಜೆಗೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಯವರನ್ನು ಕರೆಯಿರಿ.