ಮಾನಸಿಕ ತೊಂದರೆಯ ಕರೆಗೆ ಬರಿಗೈಯಲ್ಲಿ ಹೋದವರಿಂದ ಏನಾಗುತ್ತದೆ?

ಅಮಲಿನಲ್ಲೋ ಮನೋರೋಗದಲ್ಲೋ ಕೂಗಾಡುವವರ ಬಳಿಗೆ ಪೊಲೀಸರಿಲ್ಲದೆ, ಆಯುಧವಿಲ್ಲದೆ ಹೋದ ತಂಡ ಏನು ಮಾಡೀತು, ಅವರ ಕೈಯಲ್ಲಿ ಚಾಕು ಇದ್ದರೆ ಗತಿಯೇನು ಎಂದು ಕೇಳಿದ್ದೀರಿ. ನಾನು ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಚಳಿಗಾಲದ ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಒಬ್ಬಾತ ಗಾಜಿಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಒಂದು ಕಾಲಿನಲ್ಲಿ ಬೂಟಿರಲಿಲ್ಲ. ಇಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಲು ನನಗೆ ಕೈ ಬರಲಿಲ್ಲ, ಬಂದೂಕು ಹಿಡಿದ ಪೊಲೀಸರು ಬಂದರೆ ಎಂಬ ಭಯ. ಕೊನೆಗೆ ಮಾಡಿದೆ. ಆಯುಧವಿದೆಯೇ, ಯಾರನ್ನಾದರೂ ಬೆದರಿಸುತ್ತಿದ್ದಾನೆಯೇ ಎಂದು ಕೇಳಿದರು. ಎರಡೂ ಇಲ್ಲ ಎಂದೆ. ವ್ಯಾನಿನಲ್ಲಿ ಇಬ್ಬರು ಬಂದರು: ಒಬ್ಬರು ಮಾನಸಿಕ ಆರೋಗ್ಯ ತಜ್ಞೆ, ಇನ್ನೊಬ್ಬರು ತುರ್ತು ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್. ತಜ್ಞೆ ಆತನಿಂದ ನಾಲ್ಕು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, "ಪಾದ ಮರಗಟ್ಟಿದೆಯಲ್ಲ, ಕಾಲುಚೀಲ ಕೊಡಲೇ?" ಎಂದರು. ಬೇಡ ಎಂದು ಕಿರುಚಿದ. ಕಾಲುಚೀಲಗಳನ್ನು ನೆಲದ ಮೇಲಿಟ್ಟು ಸುಮ್ಮನಾದರು. ನನ್ನ ಬಸ್ಸು ಬಂದು ಹೋಯಿತು. ಎಷ್ಟೋ ಹೊತ್ತಿನ ಮೇಲೆ ಆತನೇ ಬಗ್ಗಿ ಎತ್ತಿಕೊಂಡು ಹಾಕಿಕೊಂಡ, ಅವರ ವ್ಯಾನು ಹತ್ತಿದ. ಆ ಕಾಯುವಿಕೆಯೇ ಇಲ್ಲಿ ಚಿಕಿತ್ಸೆ ಎಂದು ನನಗೆ ಅನ್ನಿಸಿತು.

ಈ ತಂಡದ ಹೆಸರು ಸ್ಟಾರ್. 2020ರ ಜೂನ್‌ನಲ್ಲಿ ಶುರುವಾಯಿತು. ಮೊದಲ ಆರು ತಿಂಗಳಲ್ಲಿ ಹೋದ 748 ಕರೆಗಳಲ್ಲಿ ಒಂದೂ ಬಂಧನದಲ್ಲಿ ಮುಗಿಯಲಿಲ್ಲ. ಚಾಕು ಇದ್ದರೆ? ಆಗ ಪೊಲೀಸರೇ ಹೋಗುತ್ತಾರೆ. ಕರೆ ಎತ್ತುವಾಗಲೇ ಆ ವಿಂಗಡಣೆ ನಡೆಯುತ್ತದೆ.

ನನ್ನ ಆತಂಕ ಸುರಕ್ಷತೆಯದ್ದಲ್ಲ, ಹಣದ್ದು. ಮಾನಸಿಕ ಆರೋಗ್ಯದ ಕೆಲಸಕ್ಕೆಂದು 100 ಡಾಲರ್ ಖರೀದಿಗೆ 25 ಸೆಂಟ್ ತೆರಿಗೆ ಕೊಡಲು ಡೆನ್ವರ್ ಮತದಾರರು 2018ರಲ್ಲಿ ಒಪ್ಪಿದ್ದರು. ಸ್ಟಾರ್ ಕಣ್ಣು ಬಿಟ್ಟದ್ದು ಆ ದುಡ್ಡಿನಲ್ಲಿ. ಇಂಥ ತಂಡಗಳಿಗೆಲ್ಲ ಹಿರಿಯಕ್ಕನಂತಿದ್ದದ್ದು ಆರೆಗನ್ ರಾಜ್ಯದ ಯೂಜೀನ್ ನಗರದ ಕಹೂಟ್ಸ್. ವೈಟ್ ಬರ್ಡ್ ಕ್ಲಿನಿಕ್ 1989ರಲ್ಲಿ ಕಟ್ಟಿದ್ದು. ಆ ನಗರದಲ್ಲಿ ಅದರ ಸೇವೆ 2025ರ ಏಪ್ರಿಲ್‌ನಲ್ಲಿ ಹಣ ಸಾಲದೆ ನಿಂತಿತು. ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ ಕರ್ನಾಟಕದಲ್ಲಿ ಏನು ಮಾಡುವುದು ಎಂದೂ ಕೇಳಿದ್ದೀರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸರನ್ನೇ ಕರೆಯಬೇಕಾಗಿ ಬಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ನೆನಪಿಡಿ: ಮಾನಸಿಕ ತೊಂದರೆಯಿಂದಾಗಿ ವಶಕ್ಕೆ ತೆಗೆದುಕೊಂಡವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಠಾಣೆಯಲ್ಲಿ ನಿಂತು ಇದನ್ನು ಕೇಳಲು ಹಿಂಜರಿಯಬೇಡಿ.