ಬಲಿಯೇ ನಿಂತುಹೋದ ಮೇಲೆ ಯಾಜಕಕಾಂಡದಿಂದ ನನ್ನ ಪ್ರಾರ್ಥನೆಗೆ ಏನು ಸಿಗುತ್ತದೆ?

ನಿಮ್ಮ ಪ್ರಶ್ನೆ ನೇರವಾಗಿದೆ. ಯೆರೂಸಲೇಮಿನ ದೇವಾಲಯವಿಲ್ಲ, ಮೊದಲ ಮಹಾಯಾಜಕ ಆರೋನನ ವಂಶದ ಯಾಜಕರ ಸೇವೆಯಿಲ್ಲ, ಹೋರಿ ಕುರಿಗಳ ಬಲಿಯಿಲ್ಲ. ಹಾಗಿದ್ದ ಮೇಲೆ ಮನೆಯಲ್ಲಿ ಒಬ್ಬರೇ ಕೂತು ಪ್ರಾರ್ಥಿಸುವವರ ‘ವೈಯಕ್ತಿಕ ಆರಾಧನೆ’ಗೆ ಬಲಿ, ಶುದ್ಧಿಯ ನಿಯಮಗಳೇ ತುಂಬಿರುವ ಬೈಬಲಿನ ಯಾಜಕಕಾಂಡ ಏನು ಕಲಿಸೀತು? ಮೊದಲ ಏಳು ಅಧ್ಯಾಯಕ್ಕೇ ಸಾಕಾಯಿತು ಎಂದೂ ಬರೆದಿದ್ದೀರಿ. ನಾನು ಕ್ರೈಸ್ತ, ಸಭಾಪಾಲಕನಲ್ಲ. ಈ ಪುಸ್ತಕವನ್ನು ಇಷ್ಟಪಟ್ಟು ಓದುವವನು ಅಷ್ಟೆ. ನನಗೆ ಕಂಡದ್ದು ಇಷ್ಟು: ಅಂದಿನ ಇಸ್ರಾಯೇಲ್ಯರ ಆರಾಧನೆ ಮನಸ್ಸು ಹದಕ್ಕೆ ಬರಲಿ ಎಂದು ಕಾಯುತ್ತಿರಲಿಲ್ಲ, ಮೊದಲು ಕೈಗೆ ಕೆಲಸ ಹಚ್ಚುತ್ತಿತ್ತು.

ಮೊದಲನೇ ಅಧ್ಯಾಯವನ್ನೇ ಇನ್ನೊಮ್ಮೆ ನೋಡಿ. ಸರ್ವಾಂಗಹೋಮಕ್ಕೆ, ಅಂದರೆ ಪ್ರಾಣಿಯನ್ನು ವೇದಿಯ ಮೇಲೆ ಇಡಿಯಾಗಿ ಸುಡುವ ಬಲಿಗೆ, ಹೋರಿ ತಂದವನು ಅದನ್ನು ಯಾಜಕನಿಗೆ ಒಪ್ಪಿಸಿ ಪಕ್ಕಕ್ಕೆ ಸರಿಯುವಂತಿಲ್ಲ. ಅದರ ತಲೆಯ ಮೇಲೆ ಕೈಯಿಡುವವನು ಅವನೇ, ಕೊಯ್ಯುವವನು ಅವನೇ, ಚರ್ಮ ಸುಲಿದು ತುಂಡು ಮಾಡುವವನೂ ಅವನೇ. ರಕ್ತವನ್ನು ಯಜ್ಞವೇದಿಗೆ ಎರಚುವುದು, ಬೆಂಕಿ ನೋಡಿಕೊಳ್ಳುವುದು ಯಾಜಕರ ಪಾಲು. ಅದೂ ಊನವಿಲ್ಲದ ಗಂಡೇ ಆಗಬೇಕು. ಬೇಡದ್ದನ್ನು ತಂದು ಒಪ್ಪಿಸುವ ಚಾಳಿ ಆಗಲೂ ಇತ್ತು ಬಿಡಿ. ಕುರುಡು, ಕುಂಟು ಪ್ರಾಣಿಗಳನ್ನು ತರುತ್ತಿದ್ದವರನ್ನು ಮಲಾಕಿ ಪ್ರವಾದಿ ಕೆಣಕುತ್ತಾನೆ: ಇದನ್ನೇ ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನೋ? ಫೋನು ನೋಡಿ ಮುಗಿದ ಮೇಲೆ, ಕಣ್ಣು ಎಳೆಯುವ ಹೊತ್ತಿಗೆ ಪ್ರಾರ್ಥನೆಗೆ ಕೂರುವ ನಮಗೂ ಈ ಮಾತು ಚುರುಕು ಮುಟ್ಟಿಸಬೇಕು.

ಹಾಗಂತ ಎಲ್ಲರಿಂದಲೂ ಒಂದೇ ಬೆಲೆ ಕೇಳಲಿಲ್ಲ. ಐದನೇ ಅಧ್ಯಾಯದಲ್ಲಿ, ಪಾಪಪರಿಹಾರದ ಬಲಿಗೆ ಕುರಿ ತರಲಾಗದವನು ಎರಡು ಹಕ್ಕಿ ತರಬಹುದು. ಅದೂ ಆಗದಿದ್ದರೆ ಏಫಾ ಅಳತೆಯ ಹತ್ತನೇ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರ್ ಗೋಧಿಹಿಟ್ಟು ಸಾಕು. ಮಗು ಯೇಸುವನ್ನು ಎತ್ತಿಕೊಂಡು ಬಂದ ಮರಿಯ, ಯೋಸೇಫರು ಜೋಡಿ ಹಕ್ಕಿಯನ್ನೇ ಕೊಡುವವರಾಗಿದ್ದರು ಎಂದು ಲೂಕನ ಸುವಾರ್ತೆ ಹೇಳುತ್ತದೆ. ಅದು ಬಡ ಬಾಣಂತಿಗೆ 12ನೇ ಅಧ್ಯಾಯ ಕೊಟ್ಟ ರಿಯಾಯಿತಿ.

ನನಗೆ ತುಂಬ ಇಷ್ಟವಾದ ಭಾಗ ಆರನೇ ಅಧ್ಯಾಯದ್ದು. ಯಜ್ಞವೇದಿಯ ಬೆಂಕಿ ಆರಬಾರದು ಎಂಬ ಮಾತಿನ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅದರ ಪಕ್ಕದಲ್ಲೇ ಇರುವ ಬೂದಿಯ ಬಗ್ಗೆ ಯಾರೂ ಮಾತಾಡುವುದಿಲ್ಲ! ಯಾಜಕ ನಾರಿನ ಬಟ್ಟೆ ತೊಟ್ಟು, ರಾತ್ರಿಯೆಲ್ಲ ಉರಿದ ಹೋಮದ ಬೂದಿ ತೆಗೆದು ವೇದಿಯ ಪಕ್ಕಕ್ಕೆ ಹಾಕಬೇಕು. ಆಮೇಲೆ ಬಟ್ಟೆ ಬದಲಾಯಿಸಿ ಅದನ್ನು ಪಾಳೆಯದ ಆಚೆ ಹೊತ್ತು ಹಾಕಬೇಕು. ಬೆಳಗಾದರೆ ಹೊಸ ಸೌದೆ. ಅವನಿಗೆ ಅಂದು ಮನಸ್ಸಿತ್ತೋ ಇಲ್ಲವೋ, ಪುಸ್ತಕ ವಿಚಾರಿಸುವುದೇ ಇಲ್ಲ. ಈ ಕೆಲಸವನ್ನು ಅವರೇನು ಕೀಳಾಗಿ ಕಂಡಿರಲಿಲ್ಲ. ಬೂದಿ ತೆಗೆಯುವ ಸರದಿಗಾಗಿ ಯಾಜಕರು ವೇದಿಯ ಇಳಿಜಾರಿನ ಮೇಲೆ ಓಟಕ್ಕೆ ಬಿದ್ದು, ನೂಕಾಟದಲ್ಲಿ ಒಬ್ಬನ ಕಾಲು ಮುರಿಯಿತು, ಅಂದಿನಿಂದ ಚೀಟಿ ಎತ್ತುವ ಪದ್ಧತಿ ಬಂತು ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ‘ಇವತ್ತು ಮೂಡ್ ಇಲ್ಲ’ ಎಂದು ಪ್ರಾರ್ಥನೆ ಬಿಡಲು ಹೊರಟಾಗ ಆ ಕಾಲು ಮುರಿದವನ ನೆನಪಾಗಿ ನಗು ಬರುತ್ತದೆ, ಹೋಗಿ ಕೂರುತ್ತೇನೆ.

ಅದೇ ಅಧ್ಯಾಯದ ಆರಂಭ ಇನ್ನೂ ಕಠಿಣ. ನೆರೆಯವನಿಗೆ ಮೋಸ ಮಾಡಿದವನು, ಇಟ್ಟುಕೊಳ್ಳಲು ಕೊಟ್ಟದ್ದನ್ನು ನುಂಗಿದವನು, ಪ್ರಾಯಶ್ಚಿತ್ತಯಜ್ಞಕ್ಕೆ ಟಗರು ಹಿಡಿದು ಬಂದರೆ ಸಾಲದು. ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ‘ದೇವರೇ ಕ್ಷಮಿಸು’ ಎಂದು ಕಣ್ಣೀರಿಡುವುದು ಸುಲಭ. ಸಾಲ ಕೊಟ್ಟವನಿಗೆ ಫೋನು ಮಾಡುವುದು ಕಷ್ಟ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಬೆಟ್ಟದ ಪ್ರಸಂಗದಲ್ಲಿ ಯೇಸು ಹೇಳಿದ್ದೂ ಇದೇ ದಾರಿಯಲ್ಲಿ.

ಇನ್ನು ‘ವೈಯಕ್ತಿಕ ಆರಾಧನೆ’ ಎಂದಿರಲ್ಲ, ಅಲ್ಲಿ ನನ್ನದೊಂದು ತಕರಾರಿದೆ. ಸಮಾಧಾನಯಜ್ಞದಲ್ಲಿ ಕೊಬ್ಬು ವೇದಿಗೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಉಳಿದ ಮಾಂಸವೆಲ್ಲ ತಂದವನಿಗೆ. ಕೃತಜ್ಞತೆಗಾಗಿ ಕೊಟ್ಟದ್ದಾದರೆ ಅದೇ ದಿನ ತಿಂದು ಮುಗಿಸಬೇಕು, ಬೆಳಗಿನ ತನಕ ಏನೂ ಉಳಿಯಬಾರದು. ಒಂದು ಹೋರಿಯನ್ನು ಒಬ್ಬನೇ ಒಂದು ದಿನದಲ್ಲಿ ಹೇಗೆ ತಿಂದಾನು? ನಮ್ಮಲ್ಲಿ ಹರಕೆಯ ಕುರಿ ಕಡಿದವರು ನೆಂಟರನ್ನೂ ಓಣಿಯವರನ್ನೂ ಕರೆಯುವಂತೆ ಅವನೂ ಜನರನ್ನು ಕರೆಯಲೇಬೇಕಿತ್ತು.

ಒಂದು ಎಚ್ಚರಿಕೆ: ಉಪ್ಪು ಅಂದರೆ ಇದು, ಎಣ್ಣೆ ಅಂದರೆ ಅದು ಎಂದು ಪ್ರತಿಯೊಂದಕ್ಕೂ ಗುಟ್ಟಿನ ಅರ್ಥ ಹೊಲಿಯುವ ವ್ಯಾಖ್ಯಾನಗಳ ಹಿಂದೆ ಬೀಳಬೇಡಿ. ವೇದಿಯ ಮೇಲೆ ಜೇನು ಸುಡಬೇಡಿ ಎನ್ನುವ ಎರಡನೇ ಅಧ್ಯಾಯದ ವಚನ, ಅದು ಯಾಕೆ ಬೇಡ ಎಂದು ಹೇಳುವುದೇ ಇಲ್ಲ.

ಬಲಿ ನಿಂತರೂ ಆ ಕ್ರಮ ಪೂರ್ತಿ ಮಾಯವಾಗಲಿಲ್ಲ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದ ಮೇಲೆ ಬಲಿಪೀಠವಿಲ್ಲದೆ ಉಳಿದ ಯೆಹೂದ್ಯರು ತಮ್ಮ ಬೆಳಗಿನ ಮತ್ತು ಮಧ್ಯಾಹ್ನದ ಪ್ರಾರ್ಥನೆಗಳನ್ನು ಅಲ್ಲಿನ ನಿತ್ಯಹೋಮದ ಹೊತ್ತಿಗೆ ಹೊಂದಿಸಿ ನೋಡಿದರು. ನಮಗಾದರೋ ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರಕಾರ ಕ್ರಿಸ್ತನ ಬಲಿ ಒಂದೇ ಸಾರಿಗೆ ಮುಗಿದಿದೆ, ಪಾಪಕ್ಕಾಗಿ ಇನ್ನೊಂದು ಬೇಡ. ಆದರೂ ಅದೇ ಪತ್ರಿಕೆ 13ನೇ ಅಧ್ಯಾಯದಲ್ಲಿ ತುಟಿಯ ಸ್ತೋತ್ರವನ್ನೂ, ಪರೋಪಕಾರವನ್ನೂ, ಇದ್ದದ್ದನ್ನು ಹಂಚುವುದನ್ನೂ ಯಜ್ಞವೆಂದೇ ಕರೆಯುತ್ತದೆ.

ಪುಸ್ತಕ ಬೇಸರ ತರಿಸುತ್ತಿದ್ದರೆ 11ರಿಂದ 15ರ ತನಕದ ಶುದ್ಧಾಶುದ್ಧದ ಅಧ್ಯಾಯಗಳನ್ನು ಸದ್ಯಕ್ಕೆ ಬಿಟ್ಟು 16 ಓದಿ, ಆಮೇಲೆ ನೇರ 19ಕ್ಕೆ ಹೋಗಿ. ಅಲ್ಲಿ ಸಮಾಧಾನಯಜ್ಞದ ಮಾಂಸದ ನಿಯಮ ಮುಗಿದ ಮರುವಚನದಲ್ಲೇ, ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಿ ಎಂಬ ಆಜ್ಞೆ ಬರುತ್ತದೆ. ನಾಲ್ಕು ವಚನ ದಾಟಿದರೆ, ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬೇಡಿ ಎಂಬುದು.