ಮಲ್ಲಿಗೆ ಬುಕಿಂಗ್ ಆ್ಯಪ್‌ಗೆ ಪೇಟೆಂಟ್ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ. ಬೆಂಗಳೂರಿನ ಐಟಿ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಮದುವೆ ಸೀಸನ್‌ನಲ್ಲಿ ಶಂಕರಪುರ ಮಲ್ಲಿಗೆಗೆ ದಿನಕ್ಕೊಂದು ದರ. ಮುಂಬಯಿ, ಬೆಂಗಳೂರಿನ ಗ್ರಾಹಕರು ತಿಂಗಳ ಮೊದಲೇ ಒಂದು ದರಕ್ಕೆ ಅಟ್ಟೆ (ಕಟ್ಟಿದ ಮಲ್ಲಿಗೆ ಮಾರುವ ಅಳತೆ) ಬುಕ್ ಮಾಡಬೇಕು, ಆ ದಿನ ದರ ಏರಿದರೂ ಇಳಿದರೂ ವ್ಯತ್ಯಾಸವನ್ನು ಅವರೂ ಬೆಳೆಗಾರರೂ ಹಂಚಿಕೊಳ್ಳಬೇಕು. ಇದು ನನ್ನ ಐಡಿಯಾ. ಮಂಗಳೂರಿನ ಸ್ನೇಹಿತ ಆ್ಯಪ್ ಮಾಡುತ್ತಿದ್ದಾನೆ. ಬೇರೆಯವರು ಕದಿಯುವ ಮೊದಲು ಪೇಟೆಂಟ್ ಮಾಡಿಸಿ ಎಂದು ಒಬ್ಬರು 60 ಸಾವಿರ ಕೇಳುತ್ತಿದ್ದಾರೆ. ಕೊಡಲೇ? ಹೂವು ಬಾಡದಂತೆ ಕಳಿಸುವ ಪೆಟ್ಟಿಗೆಯೊಂದನ್ನೂ ಮನೆಯಲ್ಲಿ ಪ್ರಯೋಗ ಮಾಡಿ ನೋಡುತ್ತಿದ್ದೇನೆ.

ಉತ್ತರ: ಆ 60 ಸಾವಿರ ಸದ್ಯ ನಿಮ್ಮ ಕಿಸೆಯಲ್ಲೇ ಇರಲಿ. ನಿಮ್ಮ ಬುಕಿಂಗ್ ಐಡಿಯಾಕ್ಕೆ ಭಾರತದಲ್ಲಿ ಪೇಟೆಂಟ್ ಸಿಗುವುದಿಲ್ಲ. ವ್ಯಾಪಾರ ವಿಧಾನ, ಗಣಿತ ವಿಧಾನ, ಅಲ್ಗಾರಿದಂ, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವು ಯಾವುವನ್ನೂ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಆವಿಷ್ಕಾರದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮುಂಗಡ ಬುಕಿಂಗ್, ದರ ನಿಗದಿ, ವ್ಯತ್ಯಾಸದ ಹಂಚಿಕೆ ಮೂರೂ ವ್ಯಾಪಾರ ವಿಧಾನಗಳೇ. ಹೂವು ಕೊಳ್ಳುವ ಮಲ್ಲಿಗೆ ಕಟ್ಟೆಯಲ್ಲಿ ಕೂತು ಚೀಟಿಯಲ್ಲಿ ಬರೆದುಕೊಂಡರೂ ಮೊಬೈಲಿನಲ್ಲಿ ಮಾಡಿದರೂ ಕಾನೂನಿಗೆ ಒಂದೇ.

ದೊಡ್ಡವರಿಗೂ ಇದರಲ್ಲಿ ವಿನಾಯಿತಿ ಸಿಕ್ಕಿಲ್ಲ. ಹುಡುಕು ಪದಗಳಿಗೆ ಜಾಹೀರಾತುದಾರರು ಬಿಡ್ ಮಾಡುವ ಯಾಹೂ ಕಂಪನಿಯ ವಿಧಾನ 2011ರಲ್ಲಿ ಇದೇ ಕಲಮಿಗೆ ಬಿದ್ದುಹೋಯಿತು. 2023ರಲ್ಲಿ ಓಪನ್ ಟಿವಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ವ್ಯಾಪಾರ ವಿಧಾನಕ್ಕಿರುವ ನಿಷೇಧ ಸಂಪೂರ್ಣ ಎಂದೇ ಹೇಳಿತು. ಅಮೆಜಾನ್‌ನ ಒಂದೇ ಕ್ಲಿಕ್ ಖರೀದಿಗೆ ಪೇಟೆಂಟ್ ಇತ್ತಲ್ಲ ಎಂದು ಯಾರಾದರೂ ಹೇಳಿಯಾರು. ಇತ್ತು, ಆದರೆ ಅದು 1999ರಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದು. 2017ಕ್ಕೆ ಅವಧಿಯೂ ಮುಗಿಯಿತು.

ಹಾಗಿದ್ದರೆ ಆ ಮಹಾಶಯರು ಏನು ಮಾಡಿಕೊಡುತ್ತಾರೆ? ಬಹುಶಃ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ ನಂಬರ್ ಇರುವ ರಸೀದಿ ಕೊಡುತ್ತಾರೆ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 1,600 ರೂಪಾಯಿ. ಆ ಹಂತದಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ, ಹಾಗಾಗಿ ತಿರಸ್ಕಾರವೂ ಆಗುವುದಿಲ್ಲ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಆ ರಸೀದಿಯನ್ನು ಹೂಡಿಕೆದಾರರಿಗೆ ತೋರಿಸಿ 'ಪೇಟೆಂಟ್ ಪಡೆದದ್ದು' ಎಂದೀರಿ, ಜೋಕೆ. ಸುಳ್ಳು ಹೇಳಿಕೊಂಡರೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ನಿಮ್ಮ ಪತ್ರದಲ್ಲಿ ಹಾಗೇ ಬಂದುಹೋದ ಒಂದು ಮಾತು: 'ಸ್ನೇಹಿತ ಆ್ಯಪ್ ಮಾಡುತ್ತಿದ್ದಾನೆ.' ಆತ ನಿಮ್ಮ ನೌಕರನಲ್ಲ. ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕೋಡ್ ಸಾಹಿತ್ಯ ಕೃತಿಯ ಲೆಕ್ಕ, ಬರೆದವನೇ ಅದರ ಒಡೆಯ. ನೀವು ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಲಿಖಿತ ಹಸ್ತಾಂತರ ಪತ್ರಕ್ಕೆ ಆತ ಸಹಿ ಹಾಕಬೇಕು. ಅದರಲ್ಲೂ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನೇ ಅಂದುಕೊಳ್ಳುತ್ತದೆ. ನಾಳೆ ದುಬೈಗೆ ಹೂವು ಕಳಿಸುವ ಆಸೆ ಇದ್ದರೆ 'ಜಗತ್ತಿನಾದ್ಯಂತ, ಕೃತಿಸ್ವಾಮ್ಯದ ಪೂರ್ತಿ ಅವಧಿಗೆ' ಎಂದು ಬರೆಸಿ. ಸ್ನೇಹ ಚೆನ್ನಾಗಿರುವಾಗಲೇ ಸಹಿ ಹಾಕಿಸಿಕೊಳ್ಳುವುದು ಸುಲಭ. ಪಾಲುದಾರಿಕೆ ಕೊಡುವುದಾದರೆ ಅದನ್ನೂ ಅದೇ ದಿನ ಬರೆದುಬಿಡಿ.

ಇನ್ನು ಹೆಸರು. 'ಉಡುಪಿ ಮಲ್ಲಿಗೆ' ಎಂದೇ ಬ್ರ್ಯಾಂಡ್ ಮಾಡುವ ಮನಸ್ಸಾದರೆ ಬಿಟ್ಟುಬಿಡಿ. ಅದು ಜಿಐ (ಭೌಗೋಳಿಕ ಸೂಚಕ) ನೋಂದಣಿ ಇರುವ ಹೆಸರು, ಇಡೀ ಪ್ರದೇಶದ ಬೆಳೆಗಾರರದ್ದು. ಊರು ಮತ್ತು ಸರಕನ್ನಷ್ಟೇ ಹೇಳುವ ಪದಕ್ಕೆ ಒಬ್ಬರೇ ಟ್ರೇಡ್‌ಮಾರ್ಕ್ ಪಡೆಯುವುದು ಕಷ್ಟ. ನಿಮ್ಮದೇ ಆದ ಹೊಸ ಹೆಸರು ಇಟ್ಟು ನೋಂದಣಿಗೆ ಹಾಕಿ. ಒಬ್ಬ ವ್ಯಕ್ತಿಗೆ ಆನ್‌ಲೈನ್‌ನಲ್ಲಿ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ 4,500 ರೂಪಾಯಿ, 10 ವರ್ಷಕ್ಕೊಮ್ಮೆ ನವೀಕರಣ. ಐಡಿಯಾವನ್ನು ಯಾರಾದರೂ ನಕಲು ಮಾಡಿಯೇ ಮಾಡುತ್ತಾರೆ. ಆದರೆ ಮುಂಬಯಿಯ ಗ್ರಾಹಕರ ನೆನಪಿನಲ್ಲಿ ಉಳಿಯುವುದು ಹೆಸರು, ಮತ್ತು ಹೇಳಿದ ದಿನಕ್ಕೆ ಅಟ್ಟೆ ತಲುಪಿತೋ ಇಲ್ಲವೋ ಎಂಬುದು.

ಪೆಟ್ಟಿಗೆಯ ವಿಷಯ ಬೇರೆ. ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಚೆಂಡಿಗಿಂತ ಹೆಚ್ಚು ಹೊತ್ತು ಮೊಗ್ಗು ಅರಳದಂತೆ, ಕಂದದಂತೆ ತೇವ ಮತ್ತು ತಂಪನ್ನು ಹಿಡಿದಿಡುವ ರಚನೆ ಅದರಲ್ಲಿದ್ದರೆ, ಅದು ನಿಜವಾಗಿ ಹೊಸತಾಗಿದ್ದು ಆ ಕ್ಷೇತ್ರದ ತಿಳಿವಳಿಕೆ ಇದ್ದವರಿಗೆ ಸುಲಭವಾಗಿ ಹೊಳೆಯುವಂಥದ್ದು ಅಲ್ಲದಿದ್ದರೆ ಪೇಟೆಂಟ್ ಕೇಳಬಹುದು. ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ, ಆನ್‌ಲೈನ್‌ನಲ್ಲೇ ಹಾಕಬಹುದು. ಮೊದಲು ಪೇಟೆಂಟ್ ಕಚೇರಿಯ ಉಚಿತ ಹುಡುಕಾಟದಲ್ಲಿ ಇಂಥ ಪೆಟ್ಟಿಗೆ ಈಗಾಗಲೇ ಇದೆಯೇ ಎಂದು ನೀವೇ ನೋಡಿ. ಆಮೇಲೆ ನೋಂದಾಯಿತ ಪೇಟೆಂಟ್ ಏಜೆಂಟರನ್ನು ಕಾಣಿ. ಅರ್ಜಿ ಹಾಕುವವರೆಗೆ ಪೆಟ್ಟಿಗೆಯ ಒಳಗಿನ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ, ಮೇಳದಲ್ಲಿ ಇಡಬೇಡಿ. ನೀವೇ ಬಹಿರಂಗ ಮಾಡಿದ್ದೂ ಅದರ ಹೊಸತನಕ್ಕೆ ಏಟು ಕೊಡುತ್ತದೆ.